ಸ್ಟೇರಿಂಗ್ ಪ್ಲೇ: ತಪ್ಪೆಲ್ಲ ಬಾಕ್ಸಿನದಲ್ಲ

ಹಳೆಯ ಜೀಪಿನ ಸ್ಟೇರಿಂಗ್ ಮೂರು ಬೆರಳಿನಷ್ಟು ಸುಮ್ಮನೆ ಓಲಾಡುತ್ತದೆ, ಚಕ್ರಗಳು ಮಾತ್ರ ಅಲ್ಲಾಡುವುದಿಲ್ಲ ಎಂದರೆ ಸಾಮಾನ್ಯವಾಗಿ ಮೊದಲು ಕೈ ಹೋಗುವುದು ಸ್ಟೇರಿಂಗ್ ಬಾಕ್ಸಿನ ಮುಚ್ಚಳದಲ್ಲಿರುವ ಅಡ್ಜಸ್ಟಿಂಗ್ ಸ್ಕ್ರೂಗೆ. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಒಂದಿಷ್ಟು ತಿರುಗಿಸಿ, ನಟ್ಟನ್ನು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಪ್ಲೇ ಕಡಿಮೆಯಾಗುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ, ಖರ್ಚೂ ಇಲ್ಲ. ಆದರೆ ಆ ಸ್ಕ್ರೂ ಈ ದುರಸ್ತಿಯಲ್ಲಿ ಕೊನೆಗೆ ಮುಟ್ಟಬೇಕಾದದ್ದು. ಅದನ್ನೇ ಮೊದಲು ತಿರುಗಿಸಿದರೆ ರೋಗ ಹಾಗೇ ಉಳಿದು, ಅದರ ಲಕ್ಷಣವಷ್ಟೇ ಮರೆಯಾಗುತ್ತದೆ. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಪ್ರವಾಸಿಗರನ್ನು ತುಂಬಿಕೊಂಡು ಏರುವ ಜೀಪುಗಳನ್ನು, ಕಾಫಿ ತೋಟಗಳ ಇಳಿಜಾರಿನಲ್ಲಿ ಆಳುಗಳನ್ನೂ ಮೂಟೆಗಳನ್ನೂ ಹೊರುವ ಜೀಪುಗಳನ್ನು ನೆನೆದರೆ ಇದು ಬರಿಯ ತಾಂತ್ರಿಕ ಶಿಸ್ತಿನ ಮಾತಲ್ಲ ಎಂದು ಗೊತ್ತಾಗುತ್ತದೆ.

ಚಾಲಕನ ಕೈಯಿಂದ ಟೈರಿನವರೆಗಿನ ದಾರಿ ಉದ್ದವಾದದ್ದು. ಸ್ಟೇರಿಂಗ್ ಶಾಫ್ಟ್ ತಿರುಗಿ ಬಾಕ್ಸಿನೊಳಗಿನ ಸುರುಳಿ ಗೇರನ್ನು ತಿರುಗಿಸುತ್ತದೆ. ಅದು ಡ್ರಾಪ್ ಆರ್ಮನ್ನು ತೂಗಿಸುತ್ತದೆ. ಡ್ರಾಪ್ ಆರ್ಮ್ ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ. ಅಲ್ಲಿಂದ ಟೈ ರಾಡ್, ಟೈ ರಾಡಿನಿಂದ ಚಕ್ರದ ನಕಲ್, ನಕಲ್ ತಿರುಗುವುದು ಕಿಂಗ್ ಪಿನ್ ಮೇಲೆ, ಚಕ್ರ ನಿಂತಿರುವುದು ಬೇರಿಂಗ್ ಮೇಲೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಮುಂದಿನ ಆಕ್ಸಲ್ ನಡುವೆ ಬೆಲ್ ಕ್ರ್ಯಾಂಕ್ ಎಂಬ ಇನ್ನೊಂದು ತಿರುಗುಮೂಲೆಯೂ ಇತ್ತು, ಅದರ ಪಿನ್ ಸವೆಯುವುದಕ್ಕೆ ಹೆಸರುವಾಸಿ. ಪ್ರತಿ ಜೋಡಣೆಯಲ್ಲೂ ಎರಡು ಲೋಹದ ತುಂಡುಗಳ ನಡುವೆ ತುಸು ಬಿಡುವು ಇದ್ದೇ ಇರುತ್ತದೆ, ಸವೆದಂತೆ ಅದು ಹೆಚ್ಚುತ್ತದೆ. ಸ್ಟೇರಿಂಗ್ ಚಕ್ರದಲ್ಲಿ ಕೈಗೆ ಸಿಗುವುದು ಈ ಎಲ್ಲ ಬಿಡುವುಗಳ ಮೊತ್ತ.

ಆ ಮೊತ್ತ ಬಾಕ್ಸನ್ನು ದಾಟಿ ಕೈಗೆ ಬರುವಾಗ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸ್ಟೇರಿಂಗ್ 20 ಡಿಗ್ರಿ ತಿರುಗಿದರೆ ಡ್ರಾಪ್ ಆರ್ಮ್ 1 ಡಿಗ್ರಿ ತಿರುಗುವ ಬಾಕ್ಸ್ ಇದೆ, ಡ್ರಾಪ್ ಆರ್ಮಿನ ಉದ್ದ 150 ಮಿಲಿಮೀಟರ್, ಸ್ಟೇರಿಂಗ್ ಚಕ್ರದ ವ್ಯಾಸ 400 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಡ್ರಾಪ್ ಆರ್ಮಿನ ತುದಿಯಲ್ಲಿ ಒಂದೇ ಒಂದು ಮಿಲಿಮೀಟರ್ ಬಿಡುವು ಇದ್ದರೆ ಅದು ಸುಮಾರು 0.38 ಡಿಗ್ರಿ, ಬಾಕ್ಸಿನ ಮೂಲಕ ಅದು ಇಪ್ಪತ್ತು ಪಟ್ಟು ಹಿಗ್ಗಿ 7.6 ಡಿಗ್ರಿಯಾಗುತ್ತದೆ. ಸ್ಟೇರಿಂಗ್ ಅಂಚಿನಲ್ಲಿ ಅಳೆದರೆ ಸುಮಾರು 27 ಮಿಲಿಮೀಟರ್, ಒಂದು ಅಂಗುಲಕ್ಕೂ ಹೆಚ್ಚು. ಆ ಒಂದು ಮಿಲಿಮೀಟರ್ ಒಂದೇ ಕಡೆ ಇರಬೇಕೆಂದೇನೂ ಇಲ್ಲ. ಐದು ಜೋಡಣೆಗಳಲ್ಲಿ ತಲಾ 0.2 ಮಿಲಿಮೀಟರ್ ಸವೆದಿದ್ದರೂ ಸಾಕು. ಒಂದೊಂದನ್ನೇ ಹಿಡಿದು ಅಲ್ಲಾಡಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ, ಆಗ ಅನುಮಾನ ಬಾಕ್ಸಿನ ಮೇಲೆ ಬೀಳುತ್ತದೆ. ಬಾಕ್ಸ್ ಎಷ್ಟೋ ಸಲ ನಿರಪರಾಧಿ.

ಹಾಗಾದರೆ ತಪ್ಪು ಎಲ್ಲಿದೆ ಎಂದು ಪತ್ತೆಮಾಡುವುದು ಹೇಗೆ? ಇದಕ್ಕೆ ಯಂತ್ರ ಬೇಡ, ಇಬ್ಬರು ಮನುಷ್ಯರು ಸಾಕು. ವಾಹನವನ್ನು ಸಮತಟ್ಟಾದ ನೆಲದಲ್ಲಿ ಚಕ್ರ ನೇರವಾಗಿರುವಂತೆ ನಿಲ್ಲಿಸಬೇಕು. ಈ ಹಂತದಲ್ಲಿ ಜಾಕ್ ಹಾಕಬಾರದು. ಚಕ್ರ ಗಾಳಿಯಲ್ಲಿದ್ದರೆ ತಡೆಯೇ ಇಲ್ಲದೆ ಸುಲಭವಾಗಿ ತಿರುಗಿಬಿಡುತ್ತದೆ, ಸಡಿಲ ಬಯಲಾಗುವುದಿಲ್ಲ. ಒಬ್ಬರು ಸೀಟಿನಲ್ಲಿ ಕುಳಿತು, ಚಕ್ರ ಅಲ್ಲಾಡುವ ಹಂತದವರೆಗೆ ಮಾತ್ರ ಸ್ಟೇರಿಂಗನ್ನು ಅತ್ತಿತ್ತ ತೂಗುತ್ತಿರಬೇಕು. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಇನ್ನೊಬ್ಬರು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಪ್ರತಿ ಜೋಡಣೆಯ ಮೇಲೂ ಕೈಯಿಡುತ್ತ ಹೋಗಬೇಕು, ಬೆರಳುಗಳು ಎರಡು ಭಾಗಗಳನ್ನೂ ಒಟ್ಟಿಗೆ ಮುಟ್ಟುವಂತೆ. ಒಂದು ಭಾಗ ಅಲುಗಿ, ಅದಕ್ಕೆ ಅಂಟಿಕೊಂಡ ಮುಂದಿನ ಭಾಗ ತಡವಾಗಿ ಅಲುಗಿದರೆ ಸಡಿಲ ಅಲ್ಲೇ ಇದೆ. ಶಾಫ್ಟಿನ ಯುನಿವರ್ಸಲ್ ಜಾಯಿಂಟು, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡ್ ಎಂಡುಗಳು ಹೀಗೆ ಸಿಕ್ಕಿಬೀಳುತ್ತವೆ. ಬಾಕ್ಸನ್ನು ಚಾಸಿಗೆ ಬಿಗಿದ ಬೋಲ್ಟುಗಳನ್ನು ಮರೆಯಬಾರದು. ಅವು ಸಡಿಲಾಗಿದ್ದರೆ, ಅಥವಾ ಅಲ್ಲಿ ಚಾಸಿಯೇ ಬಿರುಕು ಬಿಟ್ಟಿದ್ದರೆ, ಇಡೀ ಬಾಕ್ಸೇ ಮೈ ಅಲುಗಿಸುತ್ತದೆ. ಒಳಗಿನ ಸ್ಕ್ರೂ ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ.

ಜಾಕಿನ ಸರದಿ ಇದಾದ ಮೇಲೆ. ಚಕ್ರವನ್ನು ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಅದು ವ್ಹೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂಬ ಪ್ರಶ್ನೆ ಬರುತ್ತದೆ. ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಉತ್ತರ ಸಿಗುತ್ತದೆ: ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್.

ಈಗ ಆ ಸ್ಕ್ರೂ ವಿಷಯ. ವಾಹನ ಹೆಚ್ಚು ಹೊತ್ತು ಓಡುವುದು ನೇರವಾಗಿ, ಹಾಗಾಗಿ ಬಾಕ್ಸಿನೊಳಗಿನ ಗೇರು ಹೆಚ್ಚು ಸವೆಯುವುದೂ ನಡುಭಾಗದಲ್ಲೇ. ವಿನ್ಯಾಸ ಮಾಡಿದವರಿಗೆ ಇದು ಗೊತ್ತಿತ್ತು. ಹಳೆಯ ಜೀಪುಗಳ ರಾಸ್ ಬಾಕ್ಸಿನಲ್ಲಿ ನೇರ ಓಟದ ಸ್ಥಾನಕ್ಕೆ ಬಿಡುವು ಅತಿ ಕಡಿಮೆ ಇರುವಂತೆ ಸುರುಳಿಯ ತೋಡನ್ನು ಕೊರೆದಿದ್ದರು. ನಡುಭಾಗ ಸವೆದಾಗ ಸ್ಕ್ರೂ ಬಿಗಿದು ಸರಿಮಾಡಿದರೂ ಪಕ್ಕಗಳಲ್ಲಿ ಬಿಗಿಯಾಗದಿರಲಿ ಎಂಬುದೇ ಇದರ ಉದ್ದೇಶ. ಆದ್ದರಿಂದ ಸ್ಕ್ರೂ ಮುಟ್ಟುವುದೇ ಪಾಪ ಎಂದು ಹೇಳುವುದು ಸರಿಯಲ್ಲ. ಅದು ಇರುವುದೇ ಹೊಂದಿಸುವುದಕ್ಕೆ. ಆದರೆ ಹೀಗೆ ಬಿಗಿಯಲು ಇರುವ ಮೀಸಲಿಗೆ ಮಿತಿಯಿದೆ. ಟೈ ರಾಡ್ ಎಂಡಿನ ಸಡಿಲಕ್ಕೆ ಪರಿಹಾರವಾಗಿ ಬಾಕ್ಸನ್ನು ಬಿಗಿಯುತ್ತ ಹೋದರೆ ಮೀಸಲು ಮುಗಿಯುತ್ತದೆ, ನಡುವಿನಲ್ಲಿ ಸರಿಯಿರುವಂತೆ ಕಂಡ ಗೇರು ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ. ಕಿಂಗ್ ಪಿನ್ನಿನ ಮೇಲ್ತುದಿಯನ್ನು ತುಸು ಹಿಂದಕ್ಕೆ ವಾಲಿಸಿರುವುದರಿಂದ, ತಿರುವು ಮುಗಿದ ಮೇಲೆ ಚಕ್ರಗಳು ತಾವಾಗಿ ನೇರಕ್ಕೆ ಬರಬೇಕು. ಕಚ್ಚಿಕೊಂಡ ಬಾಕ್ಸ್ ಅದಕ್ಕೆ ಬಿಡುವುದಿಲ್ಲ. ಘಾಟಿಯ ಸುತ್ತಿನಲ್ಲಿ ಸ್ಟೇರಿಂಗ್ ಹಿಂದಿರುಗದೆ ತಿರುಗಿದಲ್ಲೇ ನಿಂತರೆ ಅದು ಪ್ಲೇಗಿಂತ ಕೆಟ್ಟದ್ದು.

ಘಾಟಿಯಲ್ಲಿ ಓಡುವುದೇ 20 ಕಿಲೋಮೀಟರ್ ವೇಗದಲ್ಲಿ, ಇಷ್ಟೊಂದು ಗೊಡವೆ ಏಕೆ ಎಂಬ ಆಕ್ಷೇಪ ಸಹಜ. ಹಳೆಯ ಗಾಡಿಗೆ ಒಂದಿಷ್ಟು ಪ್ಲೇ ಸಹಜವೆಂಬುದೂ ನಿಜ. ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 98ನೇ ನಿಯಮ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಯವರೆಗಿನ ಬಿಡುವನ್ನು ಸಹಿಸುತ್ತದೆ. ಆದರೆ ಅದು ದಾಟಬಾರದ ಗೆರೆ, ಆರೋಗ್ಯದ ಗುರುತಲ್ಲ. ಘಾಟಿ ಇಳಿದ ಜೀಪು ಹೆದ್ದಾರಿಗೆ ಬಂದೇ ಬರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುತ್ತದೆ. ಆ ಬಿಡುವನ್ನು ದಾಟಲು ಕೈಗೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೂ, ಚಕ್ರ ಮಾತು ಕೇಳುವ ಮೊದಲೇ ವಾಹನ 3 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಇನ್ನು ನಿಧಾನದ ಹಾದಿಯಲ್ಲೂ ಸವೆತ ನಿಂತಿರುವುದಿಲ್ಲ; ಕಲ್ಲುಗುಂಡಿಯ ಪ್ರತಿ ಹೊಡೆತಕ್ಕೂ ಸಡಿಲಾದ ಬಾಲ್ ಜಾಯಿಂಟಿನ ಗೋಲಿ ತನ್ನ ಗೂಡನ್ನು ಕುಟ್ಟುತ್ತದೆ. ಪೂರ್ತಿ ಸವೆದ ಬಾಲ್ ಜಾಯಿಂಟ್ ಒಂದು ದಿನ ಗೂಡಿನಿಂದ ಕಳಚಿಕೊಳ್ಳಬಹುದು, ಆಗ ವೇಗ ಎಷ್ಟಿದ್ದರೇನು, ಪಕ್ಕದಲ್ಲಿ ಕಣಿವೆಯಿದೆ. ಸ್ಟೇರಿಂಗ್ ಡ್ಯಾಂಪರ್ ಹಾಕಿಸಿದರೆ ಸಾಕೆನ್ನುವವರೂ ಇದ್ದಾರೆ. ಗುಂಡಿಗೆ ಬಿದ್ದೊಡನೆ ಮುಂದಿನ ಎರಡೂ ಚಕ್ರಗಳು ಗಡಗಡ ನಡುಗುವ ತೊಂದರೆಯನ್ನು ಡ್ಯಾಂಪರ್ ಅಡಗಿಸುತ್ತದೆ, ನಿಜ. ನಡುಕಕ್ಕೆ ಎಡೆಕೊಟ್ಟ ಸಡಿಲ ಹಾಗೇ ಇರುತ್ತದೆ, ಎಚ್ಚರಿಸುವ ನಡುಕ ಮಾತ್ರ ಇಲ್ಲವಾಗುತ್ತದೆ.

ಅದೇ 98ನೇ ನಿಯಮದ ಉಳಿದ ಭಾಗ ನನಗೆ 30 ಡಿಗ್ರಿಗಿಂತ ಮುಖ್ಯವೆನಿಸುತ್ತದೆ: ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು, ಜೋಡಣೆಯ ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. ಟೊಪ್ಪಿಗೆ ಹರಿದ ಜಾಯಿಂಟಿನೊಳಗೆ ಮಲೆನಾಡಿನ ಮಳೆನೀರೂ ಕೆಂಪು ಕೆಸರೂ ಸೇರಿ, ಗ್ರೀಸಿನೊಂದಿಗೆ ಬೆರೆತು ಉಕ್ಕನ್ನೇ ಅರೆಯುತ್ತವೆ. ಗ್ರೀಸ್ ನಿಪ್ಪಲ್ ಇರುವ ಜಾಯಿಂಟಿಗೆ ಕೊಳೆತ ಗ್ರೀಸೆಲ್ಲ ಹೊರಬಂದು ಹೊಸದು ಕಾಣುವವರೆಗೂ ಪಂಪ್ ಮಾಡಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ. ಜಾಯಿಂಟ್ ಬದಲಿಸಿದಾಗ ಹಳೆಯ ಸ್ಪ್ಲಿಟ್ ಪಿನ್ನನ್ನು ಬಡಿದು ನೇರಮಾಡಿ ಮತ್ತೆ ತೂರಿಸುವುದು ಬೇಡ, ಹೊಸದಕ್ಕೆ ಕೆಲವೇ ರೂಪಾಯಿ. ಟೈ ರಾಡ್ ಎಂಡ್ ಬದಲಿಸಿದ್ದರೆ ಟೈ ರಾಡಿನ ಉದ್ದ ಬದಲಾಗಿರುವುದರಿಂದ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಷ್ಟೆಲ್ಲ ಆದ ಮೇಲೂ ಪ್ಲೇ ಉಳಿದಿದ್ದರೆ ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಕಳಚಿ, ಮೊದಲು ಸ್ಟೇರಿಂಗ್ ಶಾಫ್ಟಿನ ಮೇಲೆ ಕೆಳಗಿನ ಆಟವನ್ನು ಸರಿಪಡಿಸಿ, ಆಮೇಲೆ ಚಕ್ರ ನೇರವಿರುವ ಸ್ಥಾನದಲ್ಲಿ ಸ್ಕ್ರೂವನ್ನು ಚೂರು ಚೂರೇ ಬಿಗಿಯಬೇಕು. ನಡುವಿನಲ್ಲಿ ಕೈಗೆ ತುಸು ತಡೆ ಸಿಕ್ಕಿ, ಎರಡೂ ತುದಿಯವರೆಗೆ ಸ್ಟೇರಿಂಗ್ ಎಲ್ಲೂ ಕಚ್ಚದೆ ತಿರುಗುತ್ತಿದ್ದರೆ ಲಾಕ್ ನಟ್ ಬಿಗಿಯಬಹುದು. ಆ ತಡೆ ಸಿಗುವಷ್ಟು ಬಿಗಿದಾಗ ತಿರುವಿನಲ್ಲಿ ಕಚ್ಚಿದರೆ ಬಾಕ್ಸಿನ ಮೀಸಲು ಮುಗಿದಿದೆ. ಅದನ್ನು ಬಿಚ್ಚಿ ಒಳಗಿನ ಗೇರನ್ನೇ ಬದಲಿಸಬೇಕು.