ಹೋಲಿಸೋದು ಸುಲಭ, ತೀರ್ಪು ಕೊಡೋದು ಕಷ್ಟ: ಕಂಪ್ಯೂಟರ್ ವಿಜ್ಞಾನದ ‘ಸೆಲೆಕ್ಟಿವಿಟಿ’

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. ಪ್ರವೇಶ ಪರೀಕ್ಷೆ ಮುಗಿದಿದೆ, ಕಟ್-ಆಫ್ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಒಬ್ಬಳಿಗೆ 82 ಅಂಕ, ಇನ್ನೊಬ್ಬನಿಗೆ 75. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸೀಟು ಸಿಕ್ಕಿದೆ ಅಂದ್ರೆ ಯಾರಿಗೆ? 82 ಬಂದವಳಿಗೆ, ಅನುಮಾನವೇ ಬೇಡ. ಆದರೆ ಅವಳಿಗೆ ಸೀಟು ಸಿಕ್ಕಿದೆಯಾ? ಅದನ್ನ ಹೇಳೋಕಾಗಲ್ಲ.

ಕ್ಲಿಷ್ಟತೆಯ ಸಿದ್ಧಾಂತದಲ್ಲಿ ಇದನ್ನೇ ‘ಸೆಲೆಕ್ಟಿವಿಟಿ’ ಅಂತಾರೆ. ‘ಸೆಲೆಕ್ಟರ್’ ಅನ್ನೋ ಪ್ರೋಗ್ರಾಂಗೆ ಎರಡು ವಸ್ತು ಕೊಟ್ಟರೆ ಅದು ಒಂದನ್ನು ಬೇಗ ಆರಿಸುತ್ತೆ. ಎರಡರಲ್ಲಿ ಒಂದಾದರೂ ಗುಂಪಿಗೆ ಸೇರಿದ್ದರೆ, ಆರಿಸಿದ್ದು ಗುಂಪಿಗೆ ಸೇರಿರಲೇಬೇಕು. ಷರತ್ತು ಅಷ್ಟೇ. 1968ರಲ್ಲಿ ಕಾರ್ಲ್ ಜಾಕುಶ್ ತಂದ ಕಲ್ಪನೆಯನ್ನು 1979ರಲ್ಲಿ ಅಲನ್ ಸೆಲ್ಮನ್ ವೇಗದ ಲೆಕ್ಕಗಳಿಗೆ ಒಗ್ಗಿಸಿದರು. ಅಂಕಗಳಿಗೆ ಎಷ್ಟು ದಶಾಂಶ ಬೇಕಾದರೂ ಇರಲಿ, ಕಟ್-ಆಫ್ ಮಾತ್ರ ಯಾವ ಕಂಪ್ಯೂಟರಿನ ಲೆಕ್ಕಕ್ಕೂ ಸಿಗದ ಸಂಖ್ಯೆ ಅಂದ್ಕೊಳ್ಳಿ. ಆಗಲೂ ಹೋಲಿಕೆ ಸುಲಭವೇ. ತೀರ್ಪು ಅಸಾಧ್ಯ.

ಹಾಗಾದ್ರೆ ಹೋಲಿಕೆಯಿಂದ ಏನು ಪ್ರಯೋಜನ? ‘ಸ್ಯಾಟ್’ ಸಮಸ್ಯೆ ನೋಡಿ. ಒಂದಷ್ಟು ಚರಗಳಿವೆ, ಪ್ರತಿಯೊಂದರ ಬೆಲೆ ‘ಹೌದು’ ಅಥವಾ ‘ಅಲ್ಲ’. ಕೊಟ್ಟ ಷರತ್ತುಗಳೆಲ್ಲ ಒಟ್ಟಿಗೆ ಪೂರೈಸೋ ಹಾಗೆ ಬೆಲೆ ಹಾಕಬಹುದಾ? ಇದಕ್ಕೆ ವೇಗದ ವಿಧಾನ ಇದೆಯಾ ಅನ್ನೋದೇ ಪ್ರಸಿದ್ಧ ಪಿ–ಎನ್‌ಪಿ ಪ್ರಶ್ನೆ. 2000ದಲ್ಲಿ ಕ್ಲೇ ಸಂಸ್ಥೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದ್ದು ಇದಕ್ಕೇ.

ಸ್ಯಾಟ್‌ಗೆ ಸೆಲೆಕ್ಟರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಮೊದಲ ಚರಕ್ಕೆ ‘ಹೌದು’ ಹಾಕಿದ ರೂಪ, ‘ಅಲ್ಲ’ ಹಾಕಿದ ರೂಪ ಎರಡನ್ನೂ ಅದಕ್ಕೆ ಕೊಡಿ. ಅದು ಆರಿಸಿದ್ದನ್ನು ಹಿಡಿದು ಮುಂದಿನ ಚರಕ್ಕೆ ಹೋಗಿ. 100 ಚರ ಇದ್ದರೆ 100 ಸಲ ಕೇಳಿದರಾಯ್ತು. ಕೊನೆಗೆ ಸಿಕ್ಕ ಬೆಲೆಗಳನ್ನು ಹಾಕಿ ಪರೀಕ್ಷಿಸಿ. ಷರತ್ತುಗಳು ಪೂರೈಸಿದರೆ ಸರಿ, ಇಲ್ಲದಿದ್ದರೆ ಪರಿಹಾರವೇ ಇರಲಿಲ್ಲ ಅಂತರ್ಥ. ಅಂದ್ರೆ ಪಿ, ಎನ್‌ಪಿ ಎರಡೂ ಒಂದೇ ಆಗಿಬಿಡುತ್ತೆ! ಹಾಗಾಗಲ್ಲ ಅಂತಲೇ ಬಹುತೇಕ ತಜ್ಞರ ನಂಬಿಕೆ. ಆದ್ದರಿಂದ ಇಂಥ ಸೆಲೆಕ್ಟರ್ ಇರೋದೂ ಅನುಮಾನ.

ಆಮೇಲೆ ನಿಯಮ ಸಡಿಲಿಸಿ ನೋಡಿದರು. ಸೆಲೆಕ್ಟರ್ ಊಹೆ ಮಾಡಬಹುದು, ಆದರೆ ಯಾವ ಊಹೆ ಫಲಿಸಿದರೂ ಆಯ್ಕೆ ಒಂದೇ ಆಗಿರಬೇಕು. ಸ್ಯಾಟ್‌ಗೆ ಅಷ್ಟು ಸಿಕ್ಕರೂ ಸಾಕು, ಎನ್‌ಪಿಯ ಮೇಲೆ ಕಟ್ಟಿದ ಕ್ಲಿಷ್ಟತೆಯ ಮೆಟ್ಟಿಲುಗಳೆಲ್ಲ ಎರಡನೆಯದಕ್ಕೇ ಕುಸಿಯುತ್ತವೆ ಅಂತ 1996ರಲ್ಲಿ ಸೆಲ್ಮನ್ ಮತ್ತು ಮೂವರು ಸಹಲೇಖಕರು ತೋರಿಸಿದರು.

ಕಟ್-ಆಫ್ ವಿಷಯದಲ್ಲಿ ಹೋಲಿಕೆ ಎಂದೂ ತೀರ್ಪಾಗಲ್ಲ. ಸ್ಯಾಟ್‌ನಲ್ಲಿ ಆಗುತ್ತೆ, ಯಾಕಂದ್ರೆ ದೊಡ್ಡ ಪ್ರಶ್ನೆ ತನ್ನಂಥದ್ದೇ ಚಿಕ್ಕ ಪ್ರಶ್ನೆಗಳಾಗಿ ಒಡೆಯುತ್ತೆ. ವ್ಯತ್ಯಾಸ ಇರೋದು ಅಲ್ಲೇ.