ಬಾಯಲ್ಲಿ ಕರಗುವ ಬಿಸ್ಕತ್ತು: ಬೀಜ, ಬೆಣ್ಣೆ ಮತ್ತು ಸ್ವಲ್ಪ ವಿಜ್ಞಾನ



ರಾವಂದೂರಿನ ಸುತ್ತಮುತ್ತ ಮಾಗಿಯ ಚಳಿ ಬಿದ್ದಿತೆಂದರೆ ಮನೆಗಳಲ್ಲಿ ಸಂಕ್ರಾಂತಿಯ ಸಿದ್ಧತೆ ಶುರುವಾಗುತ್ತದೆ. ಕೊಬ್ಬರಿ ಹೆಚ್ಚುವುದು, ಬೆಲ್ಲ ಕತ್ತರಿಸುವುದು, ಕಡಲೆಕಾಯಿ ಬೀಜ ಹುರಿದು ಸಿಪ್ಪೆ ಉಜ್ಜಿ ತೆಗೆಯುವುದು ನಿಮಗೆಲ್ಲ ಗೊತ್ತಿರುವ ಕೆಲಸಗಳೇ. ಇದಕ್ಕೆ ಕೆಲವು ವಾರ ಮೊದಲು, ಯುರೋಪಿನ ನಡುಭಾಗದಲ್ಲಿರುವ ಆಸ್ಟ್ರಿಯಾ ದೇಶದ ಅಡುಗೆಮನೆಗಳಲ್ಲಿಯೂ ಬೀಜ ಪುಡಿಮಾಡುವ ಸದ್ದು ಕೇಳಿಸುತ್ತದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯಲ್ಲಿ ಅಲ್ಲಿಯವರು ಬಗೆಬಗೆಯ ಬಿಸ್ಕತ್ತು ಸುಟ್ಟು ಡಬ್ಬಿ ತುಂಬಿಡುತ್ತಾರೆ. ಅವುಗಳಲ್ಲಿ ಹೆಸರಾದದ್ದು ‘ವನಿಲೆಕಿಪ್ಫೆರ್ಲ್’: ಬಿದಿಗೆ ಚಂದ್ರನ ಆಕಾರದ, ಮೇಲೆ ಬಿಳಿ ಸಕ್ಕರೆ ಪುಡಿ ಉದುರಿಸಿದ, ತುಟಿಗೆ ತಾಗುತ್ತಲೇ ಪುಡಿಯಾಗುವ ಬೀಜದ ಬಿಸ್ಕತ್ತು.

ಮಾಡುವ ಕ್ರಮವನ್ನು ಕಿರುತೆರೆಯಲ್ಲಿ ಹತ್ತು ನಿಮಿಷದಲ್ಲಿ ತೋರಿಸಿಬಿಡಬಹುದು. ಆದರೆ ‘ಹೀಗೇಕೆ?’ ಎಂಬ ಪ್ರಶ್ನೆಗೆ ಅಲ್ಲಿ ಸಮಯ ಸಾಲುವುದಿಲ್ಲ. ಆ ಭಾಗವನ್ನು ಇಲ್ಲಿ ನೋಡೋಣ.

ಈ ಆಕಾರದ ಬಗ್ಗೆ ಒಂದು ಕಥೆಯುಂಟು. 1683ರಲ್ಲಿ ತುರ್ಕರ ಸೈನ್ಯ ವಿಯೆನ್ನಾ ನಗರವನ್ನು ಮುತ್ತಿ ಸೋತಿತು. ಆ ಗೆಲುವಿನ ನೆನಪಿಗೆ ಅಲ್ಲಿನ ಬೇಕರಿಯವರು ತುರ್ಕರ ಬಾವುಟದ ಅರ್ಧಚಂದ್ರವನ್ನು ಹಿಟ್ಟಿನಲ್ಲಿ ಮಾಡಿದರು ಎಂಬುದು. ಕೇಳಲು ಸೊಗಸಾಗಿದೆ, ಆದರೆ ನಂಬಬೇಡಿ. ‘ಕಿಪ್ಫೆರ್ಲ್’ ಎಂಬ ಬಾಗಿದ ತಿನಿಸು ಆ ಮುತ್ತಿಗೆಗಿಂತ ಎಷ್ಟೋ ಹಳೆಯದು. ಅರ್ಧಚಂದ್ರಾಕಾರ ಒಬ್ಬರ ಸ್ವತ್ತೂ ಅಲ್ಲ. ನಮ್ಮ ಗೌರಿಹಬ್ಬದ ಕರ್ಜಿಕಾಯಿಯನ್ನೇ ನೋಡಿ, ಅದೂ ಅದೇ ಆಕಾರ.

ಕರ್ಜಿಕಾಯಿಯ ಮಾತು ಬಂದದ್ದು ಒಳ್ಳೆಯದಾಯಿತು. ಕಣಕ ಕಲೆಸುವಾಗ ನಿಮ್ಮ ತಾಯಿಯೋ ಅಜ್ಜಿಯೋ ಕಾಯಿಸಿದ ತುಪ್ಪವನ್ನು ಮೊದಲು ಒಣಹಿಟ್ಟಿಗೆ ಸುರಿದು, ಬೆರಳಲ್ಲಿ ಉಜ್ಜಿ, ಆಮೇಲೆ ನೀರು ಹಾಕುವುದನ್ನು ಗಮನಿಸಿದ್ದೀರಾ? ಮೊದಲು ನೀರು ಹಾಕಿ ನಾದಿ, ಕೊನೆಗೆ ತುಪ್ಪ ಹಾಕಿದರೆ ಕರ್ಜಿಕಾಯಿ ಚಪಾತಿಯಂತೆ ಜಗ್ಗುತ್ತದೆ. ಗೋಧಿಯ ಹಿಟ್ಟಿನಲ್ಲಿ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಸೋಕಿ, ಕೈ ನಾದಿದಾಗ ಅವೆರಡೂ ಸೇರಿ ಗ್ಲೂಟೆನ್ ಎಂಬ ಜಿಗುಟಾದ ಬಲೆಯನ್ನು ಹೆಣೆಯುತ್ತವೆ. ಚಪಾತಿಗೆ ಈ ಬಲೆ ಬೇಕು, ಬಿಸ್ಕತ್ತಿಗೆ ಬೇಡ. ಹಿಟ್ಟಿನ ಕಣಕ್ಕೆ ಮೊದಲೇ ಜಿಡ್ಡಿನ ಕವಚ ತೊಡಿಸಿದರೆ ನೀರು ಒಳಗೆ ಇಳಿಯುವುದಿಲ್ಲ, ಬಲೆ ತುಂಡುತುಂಡಾಗಿಯೇ ಉಳಿಯುತ್ತದೆ. ವಿಯೆನ್ನಾದ ಗೃಹಿಣಿ ತಣ್ಣನೆಯ ಬೆಣ್ಣೆಯನ್ನು ಮೈದಾಕ್ಕೆ ಬೆರಳಲ್ಲಿ ಉಜ್ಜುವುದೂ, ನಮ್ಮ ಅಜ್ಜಿ ಬಿಸಿ ತುಪ್ಪ ಸುರಿಯುವುದೂ ಒಂದೇ ಉದ್ದೇಶಕ್ಕೆ.

ಕಿಪ್ಫೆರ್ಲಿನಲ್ಲಿ ಈ ಕೆಲಸಕ್ಕೆ ಇನ್ನೊಬ್ಬ ಸಹಾಯಕನಿದ್ದಾನೆ, ಅದೇ ಬೀಜದ ಪುಡಿ. ಬಾದಾಮಿ, ವಾಲ್‌ನಟ್ (ಅಕ್ರೋಟ್) ಅಥವಾ ಹೇಜಲ್‌ನಟ್ ಅಲ್ಲಿನ ರೂಢಿ. ಬಾದಾಮಿಯ ತೂಕದಲ್ಲಿ ಸುಮಾರು ಅರ್ಧ ಎಣ್ಣೆ. ಅಕ್ರೋಟಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಡಲೆಕಾಯಿ ಬೀಜವೂ ಬಾದಾಮಿಗೆ ಹತ್ತಿರವೇ ನಿಲ್ಲುತ್ತದೆ: ಹೆಚ್ಚುಕಡಿಮೆ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನ್. ಬೀಜದ ಪ್ರೋಟೀನು ಗೋಧಿಯದರಂತೆ ಬಲೆ ಹೆಣೆಯುವುದಿಲ್ಲ. ಹೀಗಾಗಿ ಒಂದೊಂದು ಬೀಜದ ಕಣವೂ ಹಿಟ್ಟಿನ ನಡುವೆ ಬಿರುಕಿನಂತೆ ಕುಳಿತಿರುತ್ತದೆ, ಹಲ್ಲು ತಾಗಿದಾಗ ಬಿಸ್ಕತ್ತು ಅಲ್ಲೇ ಒಡೆಯುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಕಡಲೆಕಾಯಿ ಬಾದಾಮಿಯ ನೆಂಟನಲ್ಲ, ಅವರೆ–ತೊಗರಿಗಳ ಕುಲದ್ದು. ಹಸಿಯಾಗಿ ಹಾಕಿದರೆ ಬಿಸ್ಕತ್ತಿಗೆ ಹಸಿಕಾಳಿನ ವಾಸನೆ ಬರುವುದು ಅದಕ್ಕೇ. ಹುರಿದು, ಪೂರ್ತಿ ಆರಿದ ಮೇಲೆ ಪುಡಿಮಾಡಿ. ಬಿಸಿಯಿರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಇನ್ನು ‘ಬಾಯಲ್ಲಿ ಕರಗುತ್ತದೆ’ ಎಂಬ ಮಾತು. ಇದು ಬರಿಯ ಹೊಗಳಿಕೆಯಲ್ಲ, ಭೌತಶಾಸ್ತ್ರ! ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ನಿಮ್ಮ ಬಾಯಿಯ ಒಳಗಿನ ಶಾಖ ಸುಮಾರು 37. ಅದಕ್ಕಿಂತ ಮೇಲೆ ಕರಗುವ ವನಸ್ಪತಿ ಹಾಕಿದ ಬಿಸ್ಕತ್ತು ಅಂಗುಳಿಗೆ ಮೇಣದಂತೆ ಅಂಟಿಕೊಳ್ಳುವುದೇಕೆಂದು ಈಗ ನೀವೇ ಹೇಳಬಲ್ಲಿರಿ.

ಅಳತೆ ಹೀಗೆ: ಮೈದಾ 140 ಗ್ರಾಂ, ಬೆಣ್ಣೆ 105 ಗ್ರಾಂ, ಬೀಜದ ಪುಡಿ 50 ಗ್ರಾಂ, ಪುಡಿ ಸಕ್ಕರೆ 40 ಗ್ರಾಂ. ಇಷ್ಟಕ್ಕೆ ಇಪ್ಪತ್ತೈದಕ್ಕೂ ಹೆಚ್ಚು ಸಣ್ಣ ಬಿಸ್ಕತ್ತುಗಳಾಗುತ್ತವೆ. ಅಂಗಡಿಯ ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಎಂಬತ್ತರಷ್ಟು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇನ್ನೂ ಹೆಚ್ಚಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಹಳ್ಳಿಯ ಮನೆಯಲ್ಲಿ ಗಟ್ಟಿ ತುಪ್ಪವೇ ಮೇಲು. ತುಪ್ಪದಲ್ಲಿ ನೀರಿಲ್ಲವಾದ್ದರಿಂದ 85 ಗ್ರಾಂ ಸಾಕು. ಹಿಟ್ಟು ಒಟ್ಟುಗೂಡದಿದ್ದರೆ ಒಂದೆರಡು ಚಮಚ ತಣ್ಣನೆಯ ಹಾಲು ಚಿಮುಕಿಸಿ. ನಾದಬೇಡಿ, ಒತ್ತಿ ಸೇರಿಸಿ. ಒಂದು ಗಂಟೆ ತಂಪಿನಲ್ಲಿಟ್ಟು, ಬೆರಳುದ್ದ ಹೊಸೆದು, ಬಾಗಿಸಿ. ತುದಿಗಳು ತೀರ ಚೂಪಾದರೆ ಮೊದಲು ಸೀಯುವುದು ಅವೇ. ಫ್ರಿಜ್ ಇಲ್ಲದವರು ಮಾಗಿಯ ಬೆಳಗಿನ ಜಾವದಲ್ಲಿ ಕೆಲಸ ಮುಗಿಸಿದರೆ ಆಯಿತು.

‘ನಮ್ಮ ಮನೆಯಲ್ಲಿ ಒಲೆ ಇದೆ, ಓವನ್ ಎಲ್ಲಿಂದ ತರೋಣ?’ ಎನ್ನುವಿರಾ? ಪಿರಿಯಾಪಟ್ಟಣ, ಹುಣಸೂರು ಕಡೆಯ ಮಕ್ಕಳಿಗೆ ಓವನ್ ಅಪರಿಚಿತವಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನನ್ನು ನೆನಪಿಸಿಕೊಳ್ಳಿ. ಬೆಂಕಿ ಉರಿಯುವುದು ಹೊರಗೆ. ಬಿಸಿ ಹೋಗುವುದು ಕೊಳವೆಗಳ ಮೂಲಕ. ಸೊಪ್ಪಿಗೆ ತಾಗುವುದು ಜ್ವಾಲೆಯೂ ಅಲ್ಲ, ಹೊಗೆಯೂ ಅಲ್ಲ, ಕೇವಲ ಬಿಸಿ ಗಾಳಿ. ಓವನ್ನಿನ ತತ್ವವೂ ಇದೇ. ಬ್ಯಾರನ್ನಿನಲ್ಲಿ ಕೊನೆಯ ಹಂತದ ಶಾಖ ಸುಮಾರು 70 ಡಿಗ್ರಿ, ಕಿಪ್ಫೆರ್ಲಿಗೆ ಬೇಕಾದದ್ದು ಸುಮಾರು 170. ದಪ್ಪ ತಳದ ಹಳೆಯ ಬಾಣಲೆಗೆ ಎರಡು ಬೆರಳು ಮರಳು ಹಾಕಿ, ಮೇಲೊಂದು ಸಿಂಬೆ ಇಟ್ಟು, ಮುಚ್ಚಳ ಮುಚ್ಚಿ ಹತ್ತು ಹದಿನೈದು ನಿಮಿಷ ಕಾಯಿಸಿ. ಆಮೇಲೆ ತಟ್ಟೆಯಲ್ಲಿ ಬಿಸ್ಕತ್ತಿಟ್ಟು ಉರಿ ಸಣ್ಣಗೆ ಮಾಡಿ. ಕಡಲೆಕಾಯಿ ಹುರಿಯುವವರು ಮರಳು ಬಳಸುವುದು ಶಾಖ ಎಲ್ಲ ಕಡೆ ಸಮನಾಗಿ ಹರಡಲೆಂದು, ಇಲ್ಲಿಯೂ ಅದೇ. ಓವನ್ನಿನಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು, ಬಾಣಲೆಯಲ್ಲಿ ಹೆಚ್ಚು ಬೇಕು. ಮೊದಲು ಒಂದೇ ಬಿಸ್ಕತ್ತು ಇಟ್ಟು ನೋಡಿ. ಬುಡ ತಿಳಿ ಹೊಂಬಣ್ಣಕ್ಕೆ ತಿರುಗಿ, ಮೇಲ್ಭಾಗ ಬೆಳ್ಳಗೇ ಇರುವಾಗ ತೆಗೆಯಬೇಕು. ಬಿಸಿಯಲ್ಲಿ ಮುಟ್ಟಿದರೆ ಮುರಿಯುತ್ತವೆ, ಏಕೆಂದರೆ ಜಿಡ್ಡು ಇನ್ನೂ ದ್ರವವಾಗಿರುತ್ತದೆ. ಉಗುರುಬೆಚ್ಚಗಾದಾಗ ಸಕ್ಕರೆ ಪುಡಿಯಲ್ಲಿ ಹೊರಳಿಸಿ.

ಆ ಸಕ್ಕರೆಗೆ ಆಸ್ಟ್ರಿಯಾದಲ್ಲಿ ವೆನಿಲ್ಲಾ ಕೋಡಿನ ಪರಿಮಳ ಹಿಡಿಸಿರುತ್ತಾರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ವೆನಿಲ್ಲಾದ ಬೆಲೆ ಆಕಾಶಕ್ಕೇರಿದಾಗ ನಮ್ಮ ಪಕ್ಕದ ಕೊಡಗು, ಮಲೆನಾಡುಗಳ ಬೆಳೆಗಾರರೂ ಆ ಬಳ್ಳಿ ಹಬ್ಬಿಸಿ, ಬೆಲೆ ಕುಸಿದಾಗ ನಷ್ಟ ಅನುಭವಿಸಿದರು. ಅಂಗಡಿಯ ಎಸೆನ್ಸಿನಲ್ಲಿರುವುದು ಹೆಚ್ಚಾಗಿ ಕಾರ್ಖಾನೆಯ ವೆನಿಲಿನ್. ಇದನ್ನು ಜರ್ಮನಿಯ ರಸಾಯನಶಾಸ್ತ್ರಜ್ಞರು 1874ರಲ್ಲೇ ಕೃತಕವಾಗಿ ತಯಾರಿಸಿದ್ದರು. ನಮಗೆ ಏಲಕ್ಕಿ ಸಾಕು.

ಇಷ್ಟೂ ರುಚಿಯ ಮಾತು. ಆದರೆ ಬೀಜವನ್ನು ಪುಡಿಮಾಡುವ ತಿನಿಸಿನಲ್ಲಿ ಒಂದು ಅಪಾಯ ಅಡಗಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಸಿಕ್ಕಿದ್ದು ಅವು ತಿಂದ ಕಡಲೆಕಾಯಿ ಹಿಂಡಿ. ಅದರಲ್ಲಿ ‘ಆಸ್ಪರ್ಜಿಲ್ಲಸ್ ಫ್ಲೇವಸ್’ ಎಂಬ ಬೂಷ್ಟು ಬಿಟ್ಟುಹೋದ ವಿಷ. ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಟಾಕ್ಸಿನ್ ಎಂಬ ಹೆಸರು ಬಂತು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ಒಳಗೆ ಹೋದರೂ ಯಕೃತ್ತಿನ ಕ್ಯಾನ್ಸರಿಗೆ ಇದು ಕಾರಣವಾಗಬಲ್ಲದು. ಬಿಸ್ಕತ್ತು ಬೇಯುವ ಶಾಖಕ್ಕೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಇಡೀ ಬೀಜ ತಿನ್ನುವಾಗ ಕಹಿಯಾದದ್ದನ್ನು ಉಗುಳಿಬಿಡುತ್ತೀರಿ. ಪುಡಿಯಲ್ಲಿ, ಅದೂ ಸಕ್ಕರೆ ಬೆರೆತಾಗ, ಒಂದು ಕೆಟ್ಟ ಬೀಜ ಇಡೀ ತಟ್ಟೆಗೆ ಹಂಚಿಹೋಗುತ್ತದೆ.

ಆದ್ದರಿಂದ ಹುರಿಯುವ ಮೊದಲು ಬೀಜವನ್ನು ಮೊರಕ್ಕೆ ಹಾಕಿ ಬೆಳಕಿನಲ್ಲಿ ಆರಿಸಿ. ಮುರುಟಿದ್ದು, ಬಣ್ಣಗೆಟ್ಟದ್ದು, ಹಸಿರು–ಹಳದಿ ಧೂಳು ಹತ್ತಿದ್ದು, ಹುಳು ಕೊರೆದದ್ದು ಎಲ್ಲವನ್ನೂ ಎಸೆಯಿರಿ, ದನಕರುಗಳಿಗೂ ಹಾಕಬೇಡಿ. ವಿಷದ ಬಹುಪಾಲು ಇಂಥ ಕೆಲವೇ ಬೀಜಗಳಲ್ಲಿ ಇರುವುದರಿಂದ ಕೈಯಲ್ಲಿ ಆರಿಸುವುದು ನಿಜಕ್ಕೂ ಫಲಕಾರಿ. ಮೊರ ಹಿಡಿದು ಕುಳಿತ ಅಜ್ಜಿಯನ್ನು ‘ಎಷ್ಟು ಹೊತ್ತು ಮಾಡ್ತೀರಿ ಅಜ್ಜಿ’ ಎಂದು ಅವಸರಪಡಿಸುವವರು ಇದನ್ನು ತಿಳಿದಿರಲಿ. ಬೆಳೆದವರ ಮನೆಯಲ್ಲಾದರೆ, ಕಾಯಿ ಅಲುಗಿಸಿದಾಗ ಒಳಗೆ ಬೀಜ ಗಲಗಲ ಎನ್ನುವಷ್ಟು ಒಣಗಿಸಿಯೇ ಚೀಲ ತುಂಬಬೇಕು.

ಇನ್ನೊಂದು ಎಚ್ಚರಿಕೆ: ಕಡಲೆಕಾಯಿಯಾಗಲಿ ಬಾದಾಮಿಯಾಗಲಿ ಕೆಲವರಿಗೆ ಒಗ್ಗುವುದಿಲ್ಲ, ತುಟಿ ಊದಿ ಉಸಿರು ಕಟ್ಟುವುದೂ ಉಂಟು. ಶಾಲೆಯಲ್ಲಿ ಹಂಚುವಾಗ ಇದರಲ್ಲಿ ಯಾವ ಬೀಜವಿದೆ ಎಂದು ಬಾಯಿಬಿಟ್ಟು ಹೇಳಿ.

ತಯಾರಾದ ಬಿಸ್ಕತ್ತನ್ನು ಪೂರ್ತಿ ಆರಿಸಿ, ಗಾಳಿಯಾಡದ ತಗಡಿನ ಡಬ್ಬಿಯಲ್ಲಿ ಪದರಪದರವಾಗಿ ಕಾಗದ ಹಾಸಿ ಇಡಿ. ಒಂದೆರಡು ದಿನ ಕಳೆದ ಮೇಲೆ ರುಚಿ ಹೆಚ್ಚುತ್ತದೆ. ಬೆಳಕು, ಗಾಳಿ, ಸೆಖೆ ತಾಗಿದರೆ ಬೀಜದ ಎಣ್ಣೆ ಆಮ್ಲಜನಕದೊಡನೆ ಸೇರಿ ಕಮಟು ವಾಸನೆ ಬರುತ್ತದೆ. ಅಕ್ರೋಟು ಹಾಕಿದ್ದನ್ನು ಬೇಗ ಮುಗಿಸಿ. ಕಡಲೆಕಾಯಿಯದು ಎರಡು ವಾರ ಚೆನ್ನಾಗಿರುತ್ತದೆ, ಅಲ್ಲಿಯವರೆಗೆ ಡಬ್ಬಿಯಲ್ಲಿ ಉಳಿದರೆ.