ಆಯಿಲ್ ಬದಲಿಸಿದ ಮೇಲೆ ಲಿಫ್ಟ್ ಏಳವಲ್ದು

ಜಾವಾ, ಟೆಸ್ಟಿಂಗ್, ಒರಾಕಲ್ ಎಂದು ಕಲಿಯಲು ಅಮೀರ್‌ಪೇಟ್‌ಗೆ ಬಂದು ಇಲ್ಲೇ ಉಳಿದ ಬೀದರ್, ಕಲಬುರಗಿ, ರಾಯಚೂರು ಕಡೆಯವರಲ್ಲಿ ಹಲವರ ತಲೆಯ ಮೇಲೆ ಎರಡು ಸಾಲ ಇರುತ್ತವೆ. ಒಂದು ಇಲ್ಲಿನ ಫ್ಲಾಟಿನದು, ಇನ್ನೊಂದು ಊರಲ್ಲಿ ನಿಂತಿರುವ ಟ್ರ್ಯಾಕ್ಟರಿನದು. ಫ್ಲಾಟಿನ ಕಂತು ತಿಂಗಳು ತಿಂಗಳು ತಾನೇ ನೆನಪಿಸುತ್ತದೆ. ಟ್ರ್ಯಾಕ್ಟರಿನದು ಬಹಳ ಕಡೆ ಆರು ತಿಂಗಳಿಗೊಮ್ಮೆ. ಅದರ ನೆನಪು ಬರುವುದು ಊರಿಂದ ಫೋನ್ ಬಂದಾಗಲೇ. ಆ ಫೋನುಗಳಲ್ಲಿ ನಾನು ಹೆಚ್ಚು ಸಲ ಕೇಳಿದ ಮಾತು ಇದು: ‘ಸರ್ವಿಸ್ ಮಾಡ್ಸಿದ್ವಿ, ಆಯಿಲ್ ಬದಲಿ ಮಾಡ್ಸಿದ್ವಿ, ಆವಾಗಿಂದ ಲಿಫ್ಟ್ ಏಳವಲ್ದು.’

ನಮ್ಮ ಮನೆಯದೂ ಸೇರಿ ಗೆಳೆಯರ ಮೂರು ಮನೆಗಳಲ್ಲಿ ಇದು ಆಗಿದೆ. ಮೂರೂ ಕಡೆ ಮೊದಲು ಬಂದ ತೀರ್ಪು ಒಂದೇ, ‘ಪಂಪ್ ಹೋಗ್ಯಾದ.’ ಮೂರೂ ಕಡೆ ಪಂಪು ಚೆನ್ನಾಗಿಯೇ ಇತ್ತು.

ಲಿಫ್ಟ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಚಾಚಿಕೊಂಡಿರುವ ಎರಡು ತೋಳು ಮತ್ತು ಅವುಗಳ ಮೇಲಿನ ಒಂದು ಕಂಬಿ. ನೇಗಿಲು, ಕುಂಟೆ, ಕೂರಿಗೆ, ರೋಟಾವೇಟರ್ ಎಲ್ಲವೂ ಈ ಮೂರು ಕಡೆ ಸಿಕ್ಕಿಸಿಕೊಂಡು ನಿಲ್ಲುತ್ತವೆ. ಇದನ್ನು ರೂಪಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. 1926ರಲ್ಲಿ ಅವನಿಗೆ ಇದರ ಪೇಟೆಂಟ್ ಸಿಕ್ಕಿತು. ಅದಕ್ಕೂ ಮೊದಲು ಟ್ರ್ಯಾಕ್ಟರು ನೇಗಿಲನ್ನು ಎತ್ತುಗಳಂತೆ ಹಿಂದೆ ಎಳೆಯುತ್ತಿತ್ತು, ಅಷ್ಟೇ. ನೇಗಿಲು ಕಲ್ಲಿಗೆ ಸಿಕ್ಕರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಓಡಿಸುವವನ ಮೇಲೆ ಮಗುಚುವ ಅಪಾಯವಿತ್ತು. ಫರ್ಗುಸನ್ನನ ಜೋಡಣೆಯಲ್ಲಿ ನೇಗಿಲಿನ ಭಾರ ಮತ್ತು ನೆಲದ ಎಳೆತ ಎರಡೂ ಹಿಂದಿನ ಗಾಲಿಯನ್ನು ಒತ್ತುತ್ತವೆ. ಹಗುರ ಟ್ರ್ಯಾಕ್ಟರಿಗೂ ಹಿಡಿತ ಸಿಗುತ್ತದೆ. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಕೈಕುಲುಕಿ ಬಾಯಿಮಾತಿನಲ್ಲೇ ಒಪ್ಪಂದ ಮಾಡಿಕೊಂಡ, 1939ರಲ್ಲಿ ಟ್ರ್ಯಾಕ್ಟರು ಬಂತು. ಆಮೇಲೆ ಆ ಬಾಯಿಮಾತು ಕೋರ್ಟಿಗೆ ಹೋಗಿ, 1952ರಲ್ಲಿ 92.5 ಲಕ್ಷ ಡಾಲರ್‌ಗೆ ಬಗೆಹರಿಯಿತು. ಅವನ ಹೆಸರನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಫರ್ಗುಸನ್ ಎನ್ನುವುದಿಲ್ಲ, ‘ಮ್ಯಾಸಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಚೆನ್ನೈನ ಟಾಫೆ ಕಂಪನಿ 1960ರಿಂದ ಅದರ ನಂಟು ಇಟ್ಟುಕೊಂಡು ಬಂದಿತ್ತು.

ಈಗ ಎಣ್ಣೆಗೆ ಬರೋಣ. ಕಾರು ಓಡಿಸುವವರಿಗೆ ಆಯಿಲ್ ಎಂದರೆ ಎಂಜಿನ್ ಆಯಿಲ್. ಟ್ರ್ಯಾಕ್ಟರಿನಲ್ಲಿ ಇನ್ನೊಂದು ದೊಡ್ಡ ತೊಟ್ಟಿ ಇದೆ. ಸೀಟಿನ ಕೆಳಗಿನ ಆ ಎರಕದ ಪೆಟ್ಟಿಗೆಯಲ್ಲಿ ಗೇರುಗಳು, ಡಿಫರೆನ್ಷಿಯಲ್, ಈಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಬಹುಪಾಲು ಮಾದರಿಗಳಲ್ಲಿ ಲಿಫ್ಟ್ ಎತ್ತುವ ಪಂಪು ಕುಡಿಯುವುದೂ ಅದೇ ಎಣ್ಣೆ. ಟಿಪ್ಪರ್ ಟ್ರಾಲಿ ಎತ್ತಿದಾಗ ಅದರ ಸಿಲಿಂಡರು ತುಂಬುವುದೂ ಅದರಿಂದಲೇ. ನಮ್ಮ ಟ್ರ್ಯಾಕ್ಟರಿನದು ನಲವತ್ತು ಲೀಟರ್‌ಗಿಂತ ಹೆಚ್ಚು. ಅಷ್ಟು ಎಣ್ಣೆಯ ಬೆಲೆ ಕೇಳಿದರೆ ಸರ್ವಿಸನ್ನು ಮುಂದಕ್ಕೆ ಹಾಕುತ್ತ ಹೋಗುವವರ ಮೇಲೆ ಸಿಟ್ಟು ಬರುವುದಿಲ್ಲ.

ನಮ್ಮೂರು ಬೀದರ್ ಜಿಲ್ಲೆಯ ಕಪ್ಪು ನೆಲ. ತೊಗರಿ, ಸೋಯಾ, ಉದ್ದು. ಮಿರಗದ ಮಳೆ ಬಿದ್ದು ನೆಲಕ್ಕೆ ಹದ ಬಂದಾಗ ಬಿತ್ತಲು ಸಿಗುವುದು ಕೆಲವೇ ದಿನ. ಮತ್ತೆ ಜೋರು ಮಳೆ ಬಂದರೆ ಗಾಲಿ ಹೂತುಹೋಗುತ್ತವೆ, ಬರದಿದ್ದರೆ ಮೇಲ್ಮಣ್ಣು ಒಣಗಿ ಬೀಜ ಮೊಳೆಯುವುದಿಲ್ಲ. ಹೋದ ವರ್ಷ ಅಂಥ ಹದ ಬಂದ ದಿನವೇ ನನ್ನ ತಮ್ಮ ಫೋನ್ ಮಾಡಿದ. ಹಿಂದಿನ ವಾರವಷ್ಟೇ ತಾಲ್ಲೂಕಿನ ಒಂದು ವರ್ಕ್‌ಶಾಪಿನಲ್ಲಿ ಆಯಿಲ್, ಫಿಲ್ಟರ್ ಬದಲಿಸಿದ್ದರು. ಕೂರಿಗೆ ಸಿಕ್ಕಿಸಿ ಲೀವರ್ ಎಳೆದರೆ ತೋಳು ಗೇಣಷ್ಟು ಎದ್ದು ನಿಲ್ಲುತ್ತಿತ್ತು, ಮತ್ತೆ ನಡುಗಿ ಕೆಳಗಿಳಿಯುತ್ತಿತ್ತು. ವರ್ಕ್‌ಶಾಪಿನವರು ಪಂಪು ಬದಲಿಸಬೇಕು, 12,000 ರೂಪಾಯಿ, ಬರಲು ನಾಲ್ಕು ದಿನ ಅಂದಿದ್ದರು. ರೊಕ್ಕಕ್ಕಿಂತ ಆ ನಾಲ್ಕು ದಿನವೇ ಭಾರ. ನಮ್ಮ ಹೊಲ ಒತ್ತಟ್ಟಿಗಿರಲಿ, ಊರಿನ ಹನ್ನೊಂದು ಮನೆಗಳಿಗೆ ಬಿತ್ತಿ ಕೊಡುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ. ಅದರಲ್ಲಿ ಇಬ್ಬರು ಒಂಟಿ ಹೆಂಗಸರು. ಎತ್ತೂ ಇಲ್ಲ, ಬೇರೆ ಟ್ರ್ಯಾಕ್ಟರಿನವರು ಅವರ ಎರಡೆಕರೆಗೆ ಬರುವುದೂ ಇಲ್ಲ.

ಸಾಫ್ಟ್‌ವೇರಿನಲ್ಲಿ ಹದಿನೈದು ವರ್ಷ ಕಳೆದವನಿಗೆ ಟ್ರ್ಯಾಕ್ಟರು ರಿಪೇರಿ ಬರುವುದಿಲ್ಲ. ಆದರೆ ಒಂದು ಅಭ್ಯಾಸ ಮೈಗೂಡಿದೆ. ನಿನ್ನೆಯವರೆಗೆ ಓಡುತ್ತಿದ್ದದ್ದು ಇವತ್ತು ನಿಂತರೆ, ನಿನ್ನೆ ಏನನ್ನು ಮುಟ್ಟಿದ್ದೇವೋ ಅದನ್ನೇ ಮೊದಲು ನೋಡುವುದು. ಸರ್ವಿಸಿನಲ್ಲಿ ಪಂಪನ್ನು ಯಾರೂ ಮುಟ್ಟಿರಲಿಲ್ಲ. ಮುಟ್ಟಿದ್ದು ಎಣ್ಣೆ, ಫಿಲ್ಟರು, ಅದರ ಮುಚ್ಚಳ. ‘ಪಂಪ್ ಬಿಚ್ಚಬ್ಯಾಡ, ಉಸ್ತಾದ್‌ನ ಕರಿ’ ಅಂದೆ. ಉಸ್ತಾದ್ ಅಂದರೆ ನಮ್ಮ ಪಕ್ಕದ ಊರಿನ ಹಿರಿಯ ಮಿಸ್ತ್ರಿ. ಯಾವ ಕಂಪನಿಯ ಬೋರ್ಡೂ ಇಲ್ಲ, ಬೇವಿನ ಮರದ ಕೆಳಗೇ ಅವರ ಅಂಗಡಿ.

ಪಂಪು ಎಣ್ಣೆಯನ್ನು ಎಳೆದುಕೊಳ್ಳುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಅದು ತನ್ನ ಬಾಯಲ್ಲಿ ಒಂದಿಷ್ಟು ಖಾಲಿ ಜಾಗ ಮಾಡಿಕೊಡುತ್ತದೆ, ಎಣ್ಣೆಯನ್ನು ಆ ಕಡೆಗೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಪಂಪಿನ ಆಚೆ ಬದಿಯಲ್ಲಿ ಒತ್ತಡ 150 ಬಾರ್ ದಾಟಬಹುದು. ಈಚೆ, ಕುಡಿಯುವ ಬದಿಯಲ್ಲಿ, ನಮಗೆ ಸಿಗುವ ಬಲ ಹೆಚ್ಚೆಂದರೆ ಒಂದೇ ಬಾರ್. ಅದಕ್ಕೇ ಆ ಬದಿ ಬಹಳ ನಾಜೂಕು. ಜಾಳಿಗೆ ಕಸ ಕಟ್ಟಿದರೆ, ಎಣ್ಣೆ ಮಂದವಾದರೆ, ಮಟ್ಟ ಇಳಿದರೆ ಪಂಪು ಉಪವಾಸ. ಇನ್ನೊಂದು ಮೋಸವೂ ಇದೆ. ಆಚೆ ಬದಿಯಲ್ಲಿ ತೂತಾದರೆ ಎಣ್ಣೆ ಚಿಮ್ಮಿ ಎಲ್ಲರಿಗೂ ಕಾಣುತ್ತದೆ. ಈಚೆ ಬದಿಯಲ್ಲಿ ಸಂದಿಯಾದರೆ ಎಂಜಿನ್ ಓಡುವಾಗ ಹೊರಗೆ ಹನಿಯೂ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ತೋಳು ನಡುಗುವುದು ಅದರಿಂದ.

ಉಸ್ತಾದ್ ಬಂದವರೇ ಸ್ಪ್ಯಾನರ್ ತೆಗೆಯಲಿಲ್ಲ. ಎಂಜಿನ್ ಹಚ್ಚಿಸಿ ಕಿವಿ ಕೊಟ್ಟರು. ತಮ್ಮ ವೀಡಿಯೋ ಕಾಲ್‌ನಲ್ಲಿ ಫೋನು ಪಂಪಿನ ಹತ್ತಿರ ಹಿಡಿದಿದ್ದ. ಮೆಟ್ರೋ ಸ್ಟೇಷನ್ನಿನ ಗದ್ದಲದಲ್ಲೂ ನನಗೆ ಅದು ಕೇಳಿಸಿತು. ರೇಸ್ ಕೊಟ್ಟಷ್ಟೂ ಏರುವ ಕೊಂಯ್‌ಗುಡುವ ಸದ್ದು, ನಡುವೆ ಸಣ್ಣ ಕಲ್ಲು ಉರುಳಿದಂಥ ಗರಗರ. ಎಂಜಿನ್ ನಿಲ್ಲಿಸಿ, ಗೇಜ್ ಕಡ್ಡಿ ತೆಗೆದರೆ ಹೊಸ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗೆ.

ಬಿಳುಪಿಗೆ ಎರಡು ಕಾರಣ, ನೀರು ಅಥವಾ ಗಾಳಿ. ಉಸ್ತಾದ್ ಒಂದು ಗಾಜಿನ ಬಾಟಲಿಯಲ್ಲಿ ಅಷ್ಟು ಎಣ್ಣೆ ಹಿಡಿದು ಕಟ್ಟೆ ಮೇಲಿಟ್ಟರು. ಚಹಾ ಕುಡಿದು ಬರುವಷ್ಟರಲ್ಲಿ ಎಣ್ಣೆ ತಳದಿಂದ ತಿಳಿಯಾಗುತ್ತ ಬಂತು, ಮೇಲೆ ನೊರೆಯ ಪದರ. ನೀರಾಗಿದ್ದರೆ ಇಷ್ಟು ಬೇಗ ತಿಳಿಯಾಗುತ್ತಿರಲಿಲ್ಲ. ಗಾಳಿ ಎಂಬುದು ಖಾತ್ರಿಯಾಯಿತು. ಖರ್ಚು ಒಂದು ಖಾಲಿ ಬಾಟಲಿ.

ಮುಂದಿನದು ಮಟ್ಟ. ಸಪಾಟು ನೆಲ, ತೋಳು ಪೂರಾ ಕೆಳಗೆ, ಟ್ರಾಲಿ ಇಳಿಸಿದ್ದು, ಎಂಜಿನ್ ಬಂದ್. ಸಾಮಾನ್ಯವಾಗಿ ಹೀಗಿದ್ದಾಗ ಕಡ್ಡಿ ನೋಡಬೇಕು. ನಮ್ಮದರಲ್ಲಿ ಎಣ್ಣೆ ಕಡ್ಡಿಯ ಕೆಳಗೆರೆಗೂ ಮುಟ್ಟಿರಲಿಲ್ಲ. ಇಪ್ಪತ್ತು ಲೀಟರಿನ ಎರಡು ಕ್ಯಾನು ಸುರಿದು, ಮೂರನೆಯದನ್ನು ಒಡೆಯುವುದೇಕೆಂದು ಬಿಟ್ಟಿದ್ದರು. ಕಡ್ಡಿ ಹೇಳಿದಷ್ಟು ಹಾಕಬೇಕೇ ಹೊರತು ಕ್ಯಾನಿನ ಲೆಕ್ಕದಲ್ಲಲ್ಲ. ತುಂಬಿದ ಮೇಲೆ ಗರಗರ ಹೋಯಿತು, ಕೊಂಯ್ ಉಳಿಯಿತು.

ಇಲ್ಲೇ ನಿಲ್ಲಿಸಿ ‘ಆತು, ನಡೀತದ’ ಅನ್ನುವವರು ಬಹಳ. ಉಸ್ತಾದ್ ಫಿಲ್ಟರಿನ ಮುಚ್ಚಳದ ಸುತ್ತ ಬೆರಳಾಡಿಸಿ, ಬೆರಳು ತಮ್ಮನಿಗೆ ತೋರಿಸಿದರು. ಒಂದು ಕಡೆ ಮಾತ್ರ ಧೂಳು ಹಸಿಯಾಗಿ ಅಂಟಿತ್ತು. ಎಂಜಿನ್ ನಿಂತಾಗ ಅಲ್ಲಿಂದ ಎಣ್ಣೆ ಪಸೆಯುತ್ತದೆ, ಓಡುವಾಗ ಅಲ್ಲಿಂದಲೇ ಗಾಳಿ ಹೋಗುತ್ತದೆ. ಮುಚ್ಚಳದ ಅಂಚಿಗೆ ದಪ್ಪಗೆ ಗ್ರೀಸ್ ಮೆತ್ತಿ ಎಂಜಿನ್ ಹಚ್ಚಿದರು. ಸದ್ದು ಅರ್ಧಕ್ಕಿಳಿಯಿತು. ‘ಪಂಪಿನ ಮಾತು ಆಮ್ಯಾಲ ನೋಡಮ್ರಿ’ ಅಂದರು ನನಗೆ.

ಮುಚ್ಚಳ ಬಿಚ್ಚಿದಾಗ ಒಳಗೆ ಎರಡು ಓ-ರಿಂಗ್. ಹಳೆಯದು ಗಾಡಿಯಲ್ಲಿ ಗಟ್ಟಿಯಾಗಿ ಅಂಟಿಕೊಂಡು ಲೋಹದ ಬಣ್ಣಕ್ಕೇ ತಿರುಗಿತ್ತು. ಅದನ್ನು ತೆಗೆಯದೆ ಮೇಲೆ ಹೊಸದನ್ನು ಕೂರಿಸಿ ಬೋಲ್ಟ್ ಬಿಗಿದಿದ್ದರು. ಹೊಸದು ಜಾರಿ, ಚಿಗುಟಿ ತುಂಡಾಗಿತ್ತು.

ಆ ಅಳತೆಯ ರಿಂಗು ಬೀದರ್‌ನಲ್ಲಿ ಅವತ್ತು ಸಿಗಲಿಲ್ಲ. ಇಲ್ಲಿ ನನಗೂ ಒಂದು ಕೆಲಸ ಬಂತು. ಸಿಕಂದರಾಬಾದಿನ ರಾಣಿಗಂಜ್‌ಗೆ ಅಮೀರ್‌ಪೇಟ್‌ನಿಂದ ಬೇಗಂಪೇಟೆ ದಾಟಿದರೆ ಆಯಿತು. ಬೇರಿಂಗು, ಹೋಸು, ಸೀಲು ಮಾರುವ ಅಂಗಡಿಗಳ ಸಾಲೇ ಅಲ್ಲಿದೆ. ಒಳ ವ್ಯಾಸ ಮತ್ತು ದಪ್ಪ, ಈ ಎರಡು ಅಳತೆ ಹೇಳಬೇಕು. ನೈಟ್ರೈಲ್ ರಬ್ಬರಿನದೇ ಬೇಕೆಂದೂ ಹೇಳಬೇಕು. ಸಾಮಾನ್ಯ ರಬ್ಬರು ಎಣ್ಣೆ ಕುಡಿದು ಊದಿಕೊಳ್ಳುತ್ತದೆ. ನಾಲ್ಕು ರಿಂಗು ತೆಗೆದುಕೊಂಡೆ, ಆಟೋ ಬಾಡಿಗೆಯೇ ಅವುಗಳಿಗಿಂತ ಜಾಸ್ತಿಯಾಯಿತು. ಬೀದರ್ ಬಸ್ಸಿನ ಡ್ರೈವರ್ ಕೈಗೆ ಪೊಟ್ಟಣ ಕೊಟ್ಟೆ. ಪಟಾನ್‌ಚೆರು, ಸಂಗಾರೆಡ್ಡಿ, ಜಹೀರಾಬಾದ್. ಈ ಜಹೀರಾಬಾದ್ 1956ರವರೆಗೆ ಬೀದರ್ ಜಿಲ್ಲೆಗೇ ಸೇರಿತ್ತು, ಈಗ ಅಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಇದೆ. ಟ್ರ್ಯಾಕ್ಟರು ತಯಾರಾಗುವ ಊರನ್ನು ದಾಟಿ ಒಂದು ರಬ್ಬರು ಬಳೆ ನಮ್ಮೂರಿಗೆ ಹೋಯಿತು.

ರಾತ್ರಿಯೇ ಕೂರಿಸಿದರು. ಆಮೇಲೆ ಕೂರಿಗೆ ಇಲ್ಲದೆ, ಎಂಜಿನ್ ನಿಧಾನಕ್ಕೆ ಓಡಿಸಿ, ಲೀವರನ್ನು ಹದಿನೈದು ಇಪ್ಪತ್ತು ಸಲ ಮೇಲೆ ಕೆಳಗೆ ಮಾಡಿದರು, ಒಳಗಿನ ಗಾಳಿ ಹೊರಡಲೆಂದು. ಮತ್ತೆ ಕಡ್ಡಿ ನೋಡಿ ಒಂದಿಷ್ಟು ಎಣ್ಣೆ ಸೇರಿಸಿದರು. ಬೆಳಗಾಗುವಷ್ಟರಲ್ಲಿ ಬಿಳುಪು ಹೋಗಿತ್ತು. ಮೊದಲು ಆ ಇಬ್ಬರು ಹೆಂಗಸರ ಹೊಲಕ್ಕೆ ಹೋಗು ಅಂದಿದ್ದಳು ಅವ್ವ, ತಮ್ಮ ಹಾಗೇ ಮಾಡಿದ. ಮೂರನೇ ದಿನ ಸಂಜೆ ಮತ್ತೆ ಮಳೆ ಹಿಡಿಯಿತು. ಅಷ್ಟರಲ್ಲಿ ಒಂಬತ್ತು ಮನೆ ಮುಗಿದಿತ್ತು. ಉಳಿದ ಎರಡು ಮನೆಯವರು ವಾರ ಕಾದರು.

ಕಲಬುರಗಿ ಕಡೆಯ ನನ್ನ ಗೆಳೆಯನ ಮನೆಯ ಕಥೆ ಬೇರೆ. ಅಲ್ಲಿ ರಿಂಗು ಸರಿಯಿತ್ತು, ಮಟ್ಟ ಸರಿಯಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಲಿಫ್ಟು ಆಕಳಿಸುತ್ತ ಏಳುತ್ತಿತ್ತು, ಮಧ್ಯಾಹ್ನ ಸರಿಹೋಗುತ್ತಿತ್ತು, ಬ್ರೇಕ್ ಹಾಕಿದರೆ ಕಿರುಚುತ್ತಿತ್ತು. ಅಗ್ಗವೆಂದು ತೊಟ್ಟಿಗೆ 90 ನಂಬರಿನ ಗೇರ್ ಆಯಿಲ್ ಸುರಿದಿದ್ದರು. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಬೇರೆಯೇ ಎಣ್ಣೆ ಬೇಕು, ಡಬ್ಬಿಯ ಮೇಲೆ ಯುಟಿಟಿಒ ಎಂದು ಬರೆದಿರುತ್ತದೆ. ಗೇರು, ಬ್ರೇಕು, ಪಂಪು ಮೂರಕ್ಕೂ ಹೊಂದುವ ಎಣ್ಣೆ ಅದು. ಅಂಗಡಿಯವನು ‘ಎಲ್ಲಾ ಒಂದೇ’ ಅಂದರೆ ಒಪ್ಪಬೇಡಿ, ಟ್ರ್ಯಾಕ್ಟರಿನ ಪುಸ್ತಕದ ಆ ಪುಟದ ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಊರಲ್ಲಿ ಪುಸ್ತಕ ಸಿಗುವುದಿಲ್ಲ, ಮಕ್ಕಳು ಅದರ ಹಾಳೆಯಲ್ಲಿ ರಾಕೆಟ್ ಮಾಡಿರುತ್ತಾರೆ.

ದೂರದಿಂದ ಸಲಹೆ ಕೊಡುವ ನಾವು ಎರಡು ವಿಷಯದಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಎತ್ತಿ ನಿಲ್ಲಿಸಿದ ಕೂರಿಗೆ, ರೋಟಾವೇಟರಿನ ಕೆಳಗೆ ಮರದ ದಿಮ್ಮಿ ಕೊಡದೆ ಯಾರೂ ಕೈ ಹಾಕಬಾರದು. ಅದನ್ನು ಎತ್ತಿ ಹಿಡಿದಿರುವುದು ಒಂದು ಸೀಲು ಮಾತ್ರ. ಮತ್ತೆ, ಒತ್ತಡದ ಬದಿಯ ಪೈಪಿನಲ್ಲಿ ಸೋರಿಕೆ ಹುಡುಕಲು ಬರಿಗೈ ಆಡಿಸಬಾರದು, ರಟ್ಟಿನ ತುಂಡು ಹಿಡಿಯಬೇಕು. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲು ನೋವೂ ಹೆಚ್ಚಿರುವುದಿಲ್ಲ. ಅರಿಶಿನ ಹಚ್ಚಿ ಸುಮ್ಮನಾದರೆ ಬೆರಳೇ ಹೋಗಬಹುದು, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಟ್ರ್ಯಾಕ್ಟರು ಪೂರಾ ಗುಣವಾಗಿರಲಿಲ್ಲ. ಬಿತ್ತನೆಯ ಎರಡನೇ ದಿನವೇ ತಮ್ಮ ಹೇಳಿದ್ದ, ಕೂರಿಗೆ ಎತ್ತಿ ನಿಲ್ಲಿಸಿದರೆ ತೋಳು ಹೂಂಗುಟ್ಟುವವರ ತಲೆಯಂತೆ ಆಡುತ್ತದೆ, ತುಸು ಇಳಿಯುತ್ತದೆ, ಮತ್ತೆ ಏರುತ್ತದೆ. ಎಂಜಿನ್ ನಿಲ್ಲಿಸಿದರೆ ಮೆಲ್ಲಗೆ ನೆಲ ಮುಟ್ಟುತ್ತದೆ. ಇದಕ್ಕೂ ಸರ್ವಿಸಿಗೂ ಸಂಬಂಧವಿರಲಿಲ್ಲ, ಒಳಗೆಲ್ಲೋ ಎಣ್ಣೆ ಹಿಂದಕ್ಕೆ ಜಾರುತ್ತಿತ್ತು. ಬಿತ್ತನೆಗೆ ಅದು ಅಡ್ಡಿಯಲ್ಲವೆಂದು ಉಸ್ತಾದ್ ಮುಂದಕ್ಕೆ ಹಾಕಿದ್ದರು. ಶ್ರಾವಣದಲ್ಲಿ ಕೆಲಸ ಇಲ್ಲದಾಗ ಸಿಲಿಂಡರು ಬಿಚ್ಚಿದರು, ಪಿಸ್ಟನ್ನಿನ ಸೀಲು ಒಂದು ಬದಿ ಸವೆದು ಹರಿದಿತ್ತು. ಆ ಕೆಲಸಕ್ಕೆ ತೊಟ್ಟಿಯ ಎಣ್ಣೆಯನ್ನು ಶುದ್ಧ ಡ್ರಮ್ಮಿಗೆ ಇಳಿಸಿ, ಬಟ್ಟೆಯಲ್ಲಿ ಸೋಸಿ, ಅದನ್ನೇ ಮತ್ತೆ ಹಾಕಿದರು. ತಮ್ಮ ಈ ಸಲ ಬಿಚ್ಚಿದ ಹಳೆಯ ರಿಂಗು, ಸೀಲುಗಳನ್ನೆಲ್ಲ ಹಾಳೆಯ ಮೇಲೆ ಸಾಲಾಗಿ ಇಟ್ಟು, ಪಕ್ಕದಲ್ಲಿ ಹೊಸವನ್ನು ಇಟ್ಟು, ಎರಡೂ ಕಡೆ ಎಣಿಸಿ ಫೋಟೋ ಕಳಿಸಿದ. ಆಚೆ ಏಳು, ಈಚೆ ಏಳು.